ಪಿಡಿ ಮಾಡ್ಕೊಳೋರಿಗೆ ಆಂಟಿಬಯೋಟಿಕ್ ಕೊಟ್ಟಾಗ ಫಂಗಸ್ ಬಗ್ಗೆ ಯಾಕೆ ಯೋಚ್ನೆ ಮಾಡ್ಬೇಕು

ಕಿಡ್ನಿ ಕೆಲಸ ಮಾಡದೆ ಹೊಟ್ಟೆ ಡಯಾಲಿಸಿಸ್, ಅಂದ್ರೆ ಪಿಡಿ (ಪೆರಿಟೋನಿಯಲ್ ಡಯಾಲಿಸಿಸ್) ಮಾಡ್ಕೊಳ್ತಾ ಇರೋರು ಹಲ್ಲುನೋವಿಗೋ ಕೆಮ್ಮಿಗೋ ಯೂರಿನ್ ಇನ್ಫೆಕ್ಷನ್‌ಗೋ ಬೇರೆ ಡಾಕ್ಟರ್ ಹತ್ರ ಹೋಗ್ತಾರೆ, ಅವರು ಒಂದು ವಾರಕ್ಕೆ ಆಂಟಿಬಯೋಟಿಕ್ ಬರೆದು ಕೊಡ್ತಾರೆ, ಇವರು ತಂದು ನುಂಗ್ತಾರೆ, ನೋವು ಹೋಗತ್ತೆ, ವಿಷಯ ಮುಗೀತು ಅನ್ಕೊಳ್ತಾರೆ. ಪಿಡಿ ಪೇಷಂಟ್‌ಗೆ ಅದು ಅಲ್ಲಿಗೆ ಮುಗಿಯಲ್ಲ. ಆ ಕೋರ್ಸ್ ನಡೀತಿರೋವಾಗ, ಮುಗಿದ ಮೇಲೂ ಕೆಲವು ವಾರ, ಹೊಟ್ಟೆ ಒಳಗೆ ಫಂಗಸ್ ಇನ್ಫೆಕ್ಷನ್ ಆಗೋ ಅಪಾಯ ಮಾಮೂಲಿಗಿಂತ ಜಾಸ್ತಿ ಇರತ್ತೆ. ಆ ದಿನಗಳಲ್ಲಿ ಜೊತೆಗೆ ಒಂದು ಆಂಟಿಫಂಗಲ್ ಔಷಧಿ ತಗೊಂಡ್ರೆ ಬಹಳಷ್ಟು ಮಟ್ಟಿಗೆ ತಡೀಬಹುದು, ಆದ್ರೆ ಹಾಗೊಂದು ಔಷಧಿ ಬೇಕು ಅನ್ನೋ ಮಾತು ಎಷ್ಟೋ ಸಲ ಯಾರ ಬಾಯಲ್ಲೂ ಬರೋದೇ ಇಲ್ಲ. ಅದಕ್ಕೇ ಇದನ್ನ ಸ್ವಲ್ಪ ವಿವರವಾಗಿ ಬರೀತಾ ಇದೀನಿ, ಪಿಡಿ ಮಾಡ್ಕೊಳೋರೂ ಓದಿ, ಅವರನ್ನ ನೋಡ್ಕೊಳೋ ಮನೆಯವರೂ ಓದಿ.

ಮೊದಲು ಪಿಡಿ ಬಗ್ಗೆ ಚುಟುಕಾಗಿ. ನಮ್ಮ ಹೊಟ್ಟೆ ಒಳಗೆ ಕರುಳು, ಲಿವರ್ ಎಲ್ಲದರ ಮೇಲೂ, ಹೊಟ್ಟೆಯ ಗೋಡೆಯ ಒಳಭಾಗದಲ್ಲೂ ಪೆರಿಟೋನಿಯಂ ಅಂತ ಒಂದು ತೆಳ್ಳನೆ ಪೊರೆ ಇರತ್ತೆ, ಅದರಲ್ಲಿ ಸಣ್ಣ ಸಣ್ಣ ರಕ್ತನಾಳಗಳು ತುಂಬಾ ಇರ್ತವೆ. ಹೊಟ್ಟೆಗೆ ಒಂದು ಮೆತ್ತನೆ ಕ್ಯಾತಿಟರ್, ಅಂದ್ರೆ ಟ್ಯೂಬ್ ಹಾಕಿ, ಅದರ ಮೂಲಕ ಸಾಮಾನ್ಯವಾಗಿ 2 ಲೀಟರ್ ಡಯಾಲಿಸಿಸ್ ದ್ರವ ಒಳಗೆ ಬಿಡ್ತಾರೆ, ಅದು ಕೆಲವು ಗಂಟೆ ಒಳಗೇ ನಿಲ್ಲತ್ತೆ, ರಕ್ತದಲ್ಲಿರೋ ಯೂರಿಯಾ, ಕ್ರಿಯಾಟಿನಿನ್, ಹೆಚ್ಚಿನ ನೀರು ಇವೆಲ್ಲ ಪೊರೆ ದಾಟಿ ದ್ರವಕ್ಕೆ ಬರತ್ತೆ, ಆಮೇಲೆ ಅದನ್ನ ಹೊರಗೆ ಬಿಟ್ಟು ಹೊಸದು ಹಾಕ್ಕೊಳ್ತಾರೆ. ಇದನ್ನ ಕೈಯಲ್ಲೇ ದಿನಕ್ಕೆ 3-4 ಸಲ ಮಾಡಿದ್ರೆ ಸಿಎಪಿಡಿ, ರಾತ್ರಿ ಮಲಗಿರೋವಾಗ ಮಷಿನ್ ಮಾಡಿದ್ರೆ ಎಪಿಡಿ. ಇವತ್ತಿಗೂ ಹೆಚ್ಚಿನ ಕಡೆ ಬಳಸೋ ಕ್ಯಾತಿಟರ್ ಹೆನ್ರಿ ಟೆಂಕಾಫ್ 1968ರಲ್ಲಿ ಕೊಟ್ಟ ಡಿಸೈನಿನದ್ದೇ ರೂಪಗಳು.

ಮನೆಯಲ್ಲೇ ಮಾಡ್ಕೊಬಹುದು, ಸೂಜಿ ಚುಚ್ಚಿಸ್ಕೊಳೋ ಕಷ್ಟ ಇಲ್ಲ, ಕೆಲಸಕ್ಕೆ ಹೋಗ್ಬಹುದು, ಹೀಗೆ ಪಿಡಿಗೆ ಒಳ್ಳೇ ಗುಣ ತುಂಬಾ ಇದೆ. ಆದ್ರೆ ಒಂದು ವಿಷಯ ಮರೀಬಾರದು, ಹೊರಗಡೆ ಪ್ರಪಂಚದಿಂದ ಹೊಟ್ಟೆಯ ಒಳಗಿನವರೆಗೆ ಸದಾ ಒಂದು ದಾರಿ ಇರತ್ತೆ, ದಿನಕ್ಕೆ ಹಲವು ಸಲ ಅದನ್ನ ತೆಗೀತೀವಿ, ಮುಚ್ತೀವಿ. ಜೊತೆಗೆ ಒಳಗೆ ಹೋಗೋ ದ್ರವದಲ್ಲಿ ಸಾಮಾನ್ಯವಾಗಿ ಗ್ಲೂಕೋಸ್ ಇರತ್ತೆ (1.5, 2.5, 4.25 ಪರ್ಸೆಂಟ್ ಅಂತ ಬ್ಯಾಗ್ ಮೇಲೆ ಬರೆದಿರೋದು ಅದೇ), ಈಸ್ಟ್ ಜಾತಿಯ ಫಂಗಸ್‌ಗೆ ಗ್ಲೂಕೋಸ್ ಅಂದ್ರೆ ಒಳ್ಳೇ ಆಹಾರ. ಮಾಮೂಲಿ ಜನರ ಹೊಟ್ಟೆ ಒಳಗೆ ಸ್ವಲ್ಪವೇ ದ್ರವ ಇದ್ದು, ಅದರಲ್ಲಿ ರೋಗಾಣು ಹಿಡಿದು ತಿನ್ನೋ ಜೀವಕೋಶಗಳು ಕಾವಲು ಇರ್ತವೆ, ಪಿಡಿಯಲ್ಲಿ ಅವು ಲೀಟರ್‌ಗಟ್ಟಲೆ ದ್ರವದಲ್ಲಿ ಚದುರಿ ಹೋಗ್ತವೆ, ಪ್ರತಿ ಡ್ರೈನ್ ಜೊತೆ ಹೊರಗೂ ಹೋಗ್ತವೆ, ಹಳೇ ಥರದ ಆಸಿಡ್ ಜಾಸ್ತಿ ಇರೋ ದ್ರವದಲ್ಲಿ ಅವುಗಳ ಕೆಲಸವೂ ಮಂದ ಆಗತ್ತೆ. ಹಾಗಾಗಿ ಒಳಗೆ ಹೋದ ನಾಲ್ಕು ರೋಗಾಣು ನಾಲ್ಕು ಸಾವಿರ ಆಗೋಕೆ ಹೆಚ್ಚು ಅಡ್ಡಿ ಇರಲ್ಲ.

ಈ ಪೊರೆಗೆ ಇನ್ಫೆಕ್ಷನ್ ಆಗಿ ಊದಿಕೊಂಡ್ರೆ ಅದಕ್ಕೆ ಪೆರಿಟೋನೈಟಿಸ್ ಅಂತಾರೆ. ಅದರಲ್ಲಿ ಬಹುಪಾಲು ಬ್ಯಾಕ್ಟೀರಿಯಾದಿಂದ ಬರೋದು, ಚರ್ಮದ ಮೇಲಿರೋ ಸ್ಟ್ಯಾಫಿಲೋಕಾಕಸ್ ಜಾತಿಯವು ಮುಖ್ಯ, ಕರುಳಿನಿಂದ ಬರೋವು ಇನ್ನೊಂದಿಷ್ಟು. ಫಂಗಸ್‌ನಿಂದ ಬರೋದು ಕಮ್ಮಿ, ಹೆಚ್ಚಿನ ವರದಿಗಳಲ್ಲಿ ಒಟ್ಟು ಪೆರಿಟೋನೈಟಿಸ್‌ನಲ್ಲಿ 100ಕ್ಕೆ 2ರಿಂದ 6ರಷ್ಟು, ಕೆಲವು ಸೆಂಟರ್‌ಗಳಲ್ಲಿ ಇನ್ನೂ ಜಾಸ್ತಿ. ಅಪರೂಪ ತಾನೇ ಅಂತ ಬಿಟ್ಟುಬಿಡೋ ಹಾಗಿಲ್ಲ. ಬ್ಯಾಕ್ಟೀರಿಯಾದ್ದಾದ್ರೆ ಹೆಚ್ಚಿನ ಸಲ ಆಂಟಿಬಯೋಟಿಕ್ ಕೊಟ್ಟು ಕ್ಯಾತಿಟರ್ ಉಳಿಸ್ಕೊಂಡೇ ವಾಸಿ ಮಾಡ್ತಾರೆ, ಫಂಗಸ್ ಆದ್ರೆ ಕ್ಯಾತಿಟರ್ ತೆಗೀಲೇಬೇಕು, ತುಂಬಾ ಜನ ಪಿಡಿಯನ್ನೇ ಬಿಟ್ಟು ಹಿಮೋಡಯಾಲಿಸಿಸ್‌ಗೆ (ಮಷಿನ್‌ನಲ್ಲಿ ರಕ್ತವನ್ನೇ ಸೋಸೋದಕ್ಕೆ) ಹೋಗ್ಬೇಕಾಗತ್ತೆ, ಜೀವ ಹೋಗೋ ಪ್ರಮಾಣವೂ ಬ್ಯಾಕ್ಟೀರಿಯಾಗಿಂತ ತುಂಬಾ ಜಾಸ್ತಿ, ಬೇರೆ ಬೇರೆ ಅಧ್ಯಯನಗಳಲ್ಲಿ 15ರಿಂದ 50 ಪರ್ಸೆಂಟ್‌ವರೆಗೂ ವರದಿಯಾಗಿದೆ. ಭಯ ಹುಟ್ಟಿಸೋಕೆ ಈ ನಂಬರ್ ಹೇಳ್ತಿಲ್ಲ, ತಡೆಯೋದಕ್ಕೆ ಯಾಕೆ ಇಷ್ಟು ಒತ್ತು ಕೊಡ್ತಾರೆ ಅನ್ನೋದು ಗೊತ್ತಾಗ್ಲಿ ಅಂತ.

ಯಾವ ಫಂಗಸ್ ಅಂದ್ರೆ ಮುಕ್ಕಾಲು ಪಾಲಿಗಿಂತ ಹೆಚ್ಚು ಸಲ ಕ್ಯಾಂಡಿಡಾ. ಮೊದಲು ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನೋದೇ ಹೆಚ್ಚಾಗಿ ಸಿಗ್ತಾ ಇತ್ತು, ಬರ್ತಾ ಬರ್ತಾ ಬೇರೆ ಕ್ಯಾಂಡಿಡಾಗಳು, ಅದರಲ್ಲೂ ಕ್ಯಾಂಡಿಡಾ ಪ್ಯಾರಾಪ್ಸಿಲೋಸಿಸ್, ಎಷ್ಟೋ ಕಡೆ ಮುಂದೆ ಬಂದಿದೆ. ಈ ಪ್ಯಾರಾಪ್ಸಿಲೋಸಿಸ್ ಮನುಷ್ಯರ ಕೈ ಚರ್ಮದ ಮೇಲೆ, ಉಗುರಿನ ಸಂದಿಯಲ್ಲಿ ಆರಾಮಾಗಿ ಬದುಕತ್ತೆ, ಪ್ಲಾಸ್ಟಿಕ್ಕಿಗೆ ಚೆನ್ನಾಗಿ ಅಂಟಿಕೊಳ್ಳತ್ತೆ, ಗ್ಲೂಕೋಸ್ ಇರೋ ದ್ರವದಲ್ಲಂತೂ ಚೆನ್ನಾಗಿ ಬೆಳೆಯತ್ತೆ. ಇದು ಕೈಯಿಂದ ಬರೋ ರೋಗಾಣು, ನೆನಪಿಟ್ಕೊಳಿ, ಮುಂದೆ ಬೇಕಾಗತ್ತೆ. ಇನ್ನು ಆಸ್ಪರ್ಜಿಲಸ್, ಫ್ಯುಸೇರಿಯಂ, ಪೆನಿಸಿಲಿಯಂ, ಮ್ಯೂಕರ್ ಥರದ ಬೂಷ್ಟು ಜಾತಿಯವು, ಗಾಳಿಯಲ್ಲಿ, ಮಣ್ಣಲ್ಲಿ, ತೇವ ಇರೋ ಗೋಡೆ ಮೇಲೆ ಇರೋವು, ಇವು ಕಮ್ಮಿ, ಬಂದ್ರೆ ಮಾತ್ರ ಕ್ಯಾಂಡಿಡಾಗಿಂತಲೂ ಹಠಮಾರಿ. ಕೆಲವು ಸಲ ಇವು ಟ್ಯೂಬಿನ ಒಳಗೇ ಬೆಳೆದು ಕಪ್ಪು ಚುಕ್ಕಿಯೋ ಎಳೆಯೋ ಕಣ್ಣಿಗೇ ಕಾಣಿಸೋದೂ ಉಂಟು. ಟ್ರಾನ್ಸ್‌ಫರ್ ಸೆಟ್ (ಕ್ಯಾತಿಟರ್ ತುದಿಗೆ ಜೋಡಿಸಿರೋ, ಬ್ಯಾಗ್ ಕನೆಕ್ಟ್ ಮಾಡೋ ಚಿಕ್ಕ ಟ್ಯೂಬ್) ಅಥವಾ ಟ್ಯೂಬಲ್ಲಿ ಅಂಥದ್ದೇನಾದ್ರೂ ಕಂಡ್ರೆ, ಹೊಟ್ಟೆನೋವು ಇಲ್ಲದಿದ್ರೂ ಕೂಡ, ಅವತ್ತೇ ಸೆಂಟರ್‌ಗೆ ಹೇಳಿ.

ಈಗ ಆಂಟಿಬಯೋಟಿಕ್ ವಿಷಯಕ್ಕೆ ಬರೋಣ, ಇಡೀ ಲೇಖನದ ಜೀವಾಳ ಇಲ್ಲೇ ಇರೋದು. ಕ್ಯಾಂಡಿಡಾ ಅನ್ನೋದು ಎಲ್ಲಿಂದಲೋ ಬರೋ ಅಪರಿಚಿತ ರೋಗಾಣು ಅಲ್ಲ, ಆರೋಗ್ಯವಾಗಿರೋ ಎಷ್ಟೋ ಜನರ ಬಾಯಲ್ಲಿ, ಕರುಳಲ್ಲಿ, ಚರ್ಮದ ಮೇಲೆ, ಹೆಣ್ಣುಮಕ್ಕಳ ಯೋನಿಯಲ್ಲಿ ಸ್ವಲ್ಪ ಸ್ವಲ್ಪ ಇದ್ದೇ ಇರತ್ತೆ. ಅದು ಲಿಮಿಟ್ ಮೀರದ ಹಾಗೆ ಇರೋಕೆ ಮುಖ್ಯ ಕಾರಣ ಅದೇ ಜಾಗದಲ್ಲಿ ಕೋಟಿಗಟ್ಟಲೆ ಒಳ್ಳೇ ಬ್ಯಾಕ್ಟೀರಿಯಾಗಳು ಇರೋದು. ಅವು ಜಾಗ ಬಿಟ್ಟುಕೊಡಲ್ಲ, ಆಹಾರ ಬಿಟ್ಟುಕೊಡಲ್ಲ, ಫಂಗಸ್ ಬೆಳವಣಿಗೆ ತಡೆಯೋ ವಸ್ತುಗಳನ್ನೂ ತಯಾರು ಮಾಡ್ತವೆ. ಆಂಟಿಬಯೋಟಿಕ್ ಹೋಗಿ ಕೆಟ್ಟ ಬ್ಯಾಕ್ಟೀರಿಯಾ ಜೊತೆ ಈ ಒಳ್ಳೇವನ್ನೂ ಸಾಯಿಸತ್ತೆ, ಆದ್ರೆ ಫಂಗಸ್‌ಗೆ ಅದರಿಂದ ಏನೂ ಆಗಲ್ಲ, ಯಾಕಂದ್ರೆ ಫಂಗಸ್‌ನ ಜೀವಕೋಶದ ರಚನೆಯೇ ಬೇರೆ. ಹಾಗಾಗಿ ಕೋರ್ಸ್ ಮುಗಿಯೋ ಹೊತ್ತಿಗೆ ಕರುಳಲ್ಲಿ, ಚರ್ಮದ ಮೇಲೆ ಕ್ಯಾಂಡಿಡಾ ಪ್ರಮಾಣ ಏರಿರತ್ತೆ. ಸಾಮಾನ್ಯ ಮನುಷ್ಯರಿಗೆ ಬಾಯಲ್ಲಿ ಬಿಳಿ ಪದರ ಬರಬಹುದು ಅಥವಾ ಯೋನಿ ತುರಿಕೆ ಆಗಬಹುದು, ಪಿಡಿ ಪೇಷಂಟ್‌ಗೆ ಕೈಯಿಂದ ಕನೆಕ್ಷನ್ ಮೂಲಕ ಒಳಗೆ ಹೋಗೋ ದಾರಿಯೂ ಇದೆ, ಕರುಳಿನ ಗೋಡೆ ದಾಟಿ ಪೆರಿಟೋನಿಯಂಗೆ ಬರೋ ದಾರಿಯೂ ಇದೆ.

ಇದು ಬರೀ ಊಹೆ ಅಲ್ಲ. ಫಂಗಲ್ ಪೆರಿಟೋನೈಟಿಸ್ ಆದವರ ಹಿಂದಿನ ದಾಖಲೆ ತೆಗೆದು ನೋಡಿದ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಾಣೋದು ಇದೇ, ಹೆಚ್ಚಿನವರು ಹಿಂದಿನ ಒಂದರಿಂದ ಮೂರು ತಿಂಗಳ ಒಳಗೆ ಯಾವುದೋ ಕಾರಣಕ್ಕೆ ಆಂಟಿಬಯೋಟಿಕ್ ತಗೊಂಡಿರ್ತಾರೆ. ಅದರಲ್ಲೂ ಬ್ಯಾಕ್ಟೀರಿಯಲ್ ಪೆರಿಟೋನೈಟಿಸ್‌ಗೆ ಚಿಕಿತ್ಸೆ ತಗೊಂಡವರಿಗೆ ಎರಡು ಕಡೆಯಿಂದ ಪೆಟ್ಟು, ಒಂದು ಕಡೆ ಎರಡು ಮೂರು ವಾರದ ಜೋರು ಆಂಟಿಬಯೋಟಿಕ್, ಇನ್ನೊಂದು ಕಡೆ ಪೊರೆ ಆಗಲೇ ಊದಿ ಸುಸ್ತಾಗಿರತ್ತೆ. ಬ್ಯಾಕ್ಟೀರಿಯಾದ ಇನ್ಫೆಕ್ಷನ್ ವಾಸಿಯಾಗ್ತಿದೆ ಅನ್ಕೊಂಡಿರೋವಾಗ ದ್ರವ ಮತ್ತೆ ಮಬ್ಬಾದ್ರೆ ಡಾಕ್ಟರ್‌ಗೆ ಫಂಗಸ್ ಬಗ್ಗೆ ಅನುಮಾನ ಬರೋದು ಇದಕ್ಕೇ.

ಇಲ್ಲಿ ಒಂದು ಮಾತು ಒತ್ತಿ ಹೇಳ್ಬೇಕು. ಇದನ್ನ ಓದಿ ಯಾರೂ ಆಂಟಿಬಯೋಟಿಕ್ಕೇ ಬೇಡ ಅಂತ ನಿಲ್ಲಿಸ್ಬೇಡಿ, ಅರ್ಧಕ್ಕೆ ಬಿಡ್ಬೇಡಿ. ಬ್ಯಾಕ್ಟೀರಿಯಾ ಇನ್ಫೆಕ್ಷನ್‌ಗೆ ಆಂಟಿಬಯೋಟಿಕ್ ಬೇಕೇ ಬೇಕು, ತಡ ಮಾಡಿದ್ರೆ ಅದೇ ಜೀವಕ್ಕೆ ಕುತ್ತು. ಬೇಡವಾದಾಗ ತಗೊಬೇಡಿ (ವೈರಲ್ ನೆಗಡಿಗೆ ಮೆಡಿಕಲ್ ಸ್ಟೋರಿಂದ ನೀವೇ ತಂದು ನುಂಗೋದು ಇದೆಯಲ್ಲ, ಅದು), ಬೇಕಾದಾಗ ತಗೊಳ್ಳಿ, ತಗೊಳೋವಾಗ ಫಂಗಸ್‌ಗೆ ತಡೆ ಔಷಧಿ ಬೇಕಾ ಅಂತ ನಿಮ್ಮ ಪಿಡಿ ಡಾಕ್ಟರನ್ನ ಅಥವಾ ಪಿಡಿ ನರ್ಸನ್ನ ಕೇಳಿ.

ಅಂತರರಾಷ್ಟ್ರೀಯ ಪೆರಿಟೋನಿಯಲ್ ಡಯಾಲಿಸಿಸ್ ಸೊಸೈಟಿ, ಐಎಸ್‌ಪಿಡಿ ಅಂತ ಕರೀತಾರೆ, ಪೆರಿಟೋನೈಟಿಸ್ ತಡೆಯೋದು ಹೇಗೆ, ಚಿಕಿತ್ಸೆ ಹೇಗೆ ಅಂತ ಕಾಲಕಾಲಕ್ಕೆ ಗೈಡ್‌ಲೈನ್ ಹೊರಡಿಸತ್ತೆ. 2016ರದ್ದರಲ್ಲೂ ಇತ್ತು, 2022ರದ್ದರಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ: ಪಿಡಿ ಪೇಷಂಟ್‌ಗೆ ಯಾವ ಕಾರಣಕ್ಕೇ ಆಗ್ಲಿ ಆಂಟಿಬಯೋಟಿಕ್ ಕೋರ್ಸ್ ಕೊಟ್ರೆ ಜೊತೆಗೆ ಫಂಗಸ್ ತಡೆಯೋ ಔಷಧಿಯನ್ನೂ ಬರೀಬೇಕು. ಯಾವ ಕಾರಣಕ್ಕೇ ಆಗ್ಲಿ ಅನ್ನೋದನ್ನ ಗಮನಿಸಿ, ಹೊಟ್ಟೆ ಇನ್ಫೆಕ್ಷನ್‌ಗೆ ಕೊಟ್ಟಾಗ ಮಾತ್ರ ಅಲ್ಲ, ಹಲ್ಲಿಗೆ, ಕಾಲಿನ ಗಾಯಕ್ಕೆ, ಶ್ವಾಸಕೋಶಕ್ಕೆ ಕೊಟ್ಟಾಗಲೂ.

ಇದಕ್ಕೆ ಮುಖ್ಯವಾಗಿ ಬಳಸೋದು ಎರಡು ಔಷಧಿ. ಒಂದು ನಿಸ್ಟಾಟಿನ್, ಬಾಯಲ್ಲಿ ತಗೊಳೋದು, ಕರುಳಿಂದ ರಕ್ತಕ್ಕೆ ಹೆಚ್ಚುಕಮ್ಮಿ ಸೇರೋದೇ ಇಲ್ಲ, ಕರುಳಲ್ಲಿರೋ ಕ್ಯಾಂಡಿಡಾವನ್ನ ಅಲ್ಲೇ ಕಮ್ಮಿ ಮಾಡತ್ತೆ. 1996ರಲ್ಲಿ ಹಾಂಗ್‌ಕಾಂಗ್‌ನಿಂದ ಬಂದ ಒಂದು ಟ್ರಯಲ್‌ನಲ್ಲಿ ಆಂಟಿಬಯೋಟಿಕ್ ಕೊಟ್ಟಾಗಲೆಲ್ಲ ಕೆಲವರಿಗೆ ಇದನ್ನೂ ಕೊಟ್ಟು, ಕೆಲವರಿಗೆ ಕೊಡದೆ ಹೋಲಿಸಿ ನೋಡಿದ್ರು, ತಗೊಂಡವರಲ್ಲಿ ಕ್ಯಾಂಡಿಡಾ ಪೆರಿಟೋನೈಟಿಸ್ ಕಮ್ಮಿ ಬಂತು. ಇನ್ನೊಂದು ಫ್ಲುಕೊನಜೋಲ್, ಇದು ರಕ್ತಕ್ಕೆ ಸೇರತ್ತೆ, ಪೆರಿಟೋನಿಯಂ ದ್ರವಕ್ಕೂ ಚೆನ್ನಾಗಿ ಬರತ್ತೆ. 2010ರಲ್ಲಿ ಕೊಲಂಬಿಯಾದಿಂದ ಬಂದ ಟ್ರಯಲ್‌ನಲ್ಲಿ 48 ಗಂಟೆಗೊಮ್ಮೆ 200 ಮಿಲಿಗ್ರಾಂ ಕೊಟ್ಟು ನೋಡಿದ್ರು, ಅಲ್ಲೂ ಫಂಗಸ್ ಕೇಸ್‌ಗಳು ಎದ್ದು ಕಾಣೋ ಹಾಗೆ ಕಡಿಮೆಯಾದ್ವು. ನಿಸ್ಟಾಟಿನ್ ಬಾಯಿ ಔಷಧಿ ಎಲ್ಲಾ ದೇಶದಲ್ಲೂ ಸುಲಭಕ್ಕೆ ಸಿಗಲ್ಲ, ಹಾಗಾಗಿ ಎಷ್ಟೋ ಕಡೆ ಫ್ಲುಕೊನಜೋಲ್ ಕೊಡ್ತಾರೆ.

ಆದ್ರೆ ಫ್ಲುಕೊನಜೋಲ್ ಅಷ್ಟು ಸುಮ್ನೆ ಇರೋ ಮಾತ್ರೆ ಅಲ್ಲ. ಲಿವರ್‌ನಲ್ಲಿ ಬೇರೆ ಎಷ್ಟೋ ಔಷಧಿಗಳನ್ನ ಒಡೆಯೋ ಎನ್‌ಜೈಮ್‌ಗಳಿಗೆ ಇದು ಅಡ್ಡ ಬರತ್ತೆ, ಆಗ ಆ ಔಷಧಿಗಳು ರಕ್ತದಲ್ಲಿ ಏರ್ತವೆ. ವಾರ್ಫರಿನ್ ತಗೊಳೋರಿಗೆ ರಕ್ತ ತೀರಾ ತೆಳುವಾಗಿ ರಕ್ತಸ್ರಾವ ಆಗ್ಬಹುದು, ಗ್ಲಿಪಿಜೈಡ್, ಗ್ಲಿಮೆಪಿರೈಡ್ ಥರದ ಶುಗರ್ ಮಾತ್ರೆ ತಗೊಳೋರಿಗೆ ಶುಗರ್ ಇಳಿದು ಹೋಗ್ಬಹುದು, ಕೆಲವು ಕೊಲೆಸ್ಟ್ರಾಲ್ ಮಾತ್ರೆ ಜೊತೆ ಮಾಂಸಖಂಡಕ್ಕೆ ತೊಂದ್ರೆ, ಫಿಟ್ಸ್‌ಗೆ ಕೊಡೋ ಫೆನಿಟಾಯಿನ್, ಟ್ರಾನ್ಸ್‌ಪ್ಲಾಂಟ್ ಆದವರು ತಗೊಳೋ ಟ್ಯಾಕ್ರೊಲಿಮಸ್, ಸೈಕ್ಲೋಸ್ಪೋರಿನ್ ಮಟ್ಟ ಏರೋದು, ಕೆಲವರಿಗೆ ಹೃದಯದ ಬಡಿತದ ಲಯದಲ್ಲಿ ಏರುಪೇರು. ಅದಕ್ಕೇ ಇದನ್ನ ಹೇಗೂ ಬೇಕು ಅಂತ ಗೊತ್ತಾಯ್ತಲ್ಲ ಅಂದ್ಕೊಂಡು ನೀವೇ ಅಂಗಡಿಯಿಂದ ತಂದು ತಗೊಬಾರದು. ನೀವು ತಗೊಳೋ ಎಲ್ಲಾ ಮಾತ್ರೆಗಳ ಪಟ್ಟಿ ಇಟ್ಕೊಂಡು ಪಿಡಿ ಟೀಮ್‌ಗೆ ಫೋನ್ ಮಾಡಿ, ಯಾವ ಆಂಟಿಬಯೋಟಿಕ್ ಬರೆದಿದ್ದಾರೆ, ಎಷ್ಟು ದಿನಕ್ಕೆ ಅಂತ ಹೇಳಿ, ಅವರೇ ಯಾವುದು, ಎಷ್ಟು ಅಂತ ತೀರ್ಮಾನ ಮಾಡ್ತಾರೆ.

ಯಾಕೆ ಇದು ತಪ್ಪಿಹೋಗತ್ತೆ ಅಂದ್ರೆ ಹಲ್ಲಿನ ಡಾಕ್ಟರ್‌ಗೆ ಪಿಡಿ ಬಗ್ಗೆ ದಿನಾ ಯೋಚ್ನೆ ಮಾಡೋ ಕೆಲಸ ಇಲ್ಲ, ಪಿಡಿ ಟೀಮ್‌ಗೆ ನೀವು ಹಲ್ಲಿನ ಡಾಕ್ಟರ್ ಹತ್ರ ಹೋಗಿದ್ದು ಗೊತ್ತಿರಲ್ಲ, ಎರಡೂ ಕಡೆ ಗೊತ್ತಿರೋದು ಪೇಷಂಟ್‌ಗೆ ಮತ್ತು ಮನೆಯವರಿಗೆ ಮಾತ್ರ. ನನ್ನ ಅಭಿಪ್ರಾಯದಲ್ಲಿ ಪಿಡಿ ಟ್ರೇನಿಂಗ್ ಕೊಡೋವಾಗ ಕೈ ತೊಳೆಯೋದನ್ನ ಎಷ್ಟು ಸಲ ಹೇಳಿಕೊಡ್ತಾರೋ ಅಷ್ಟೇ ಸಲ ಇದನ್ನೂ ಹೇಳಿಕೊಡ್ಬೇಕು. ಪೇಷಂಟ್ ಕೈಲಿರೋ ಪುಸ್ತಕದ ಮೊದಲ ಪುಟದಲ್ಲೇ ದೊಡ್ಡದಾಗಿ, ಆಂಟಿಬಯೋಟಿಕ್ ಯಾರೇ ಬರೆದ್ರೂ ನಮಗೆ ತಿಳಿಸಿ ಅಂತ ಬರೆದು, ಕೆಳಗೆ ಫೋನ್ ನಂಬರ್ ಹಾಕಿ ಕೊಟ್ರೆ ಇನ್ನೂ ಒಳ್ಳೇದು.

ಆಂಟಿಬಯೋಟಿಕ್ ಬಿಟ್ರೆ ಅಪಾಯ ಹೆಚ್ಚಿಸೋದು ಬೇರೆ ಏನು? ಶುಗರ್ ಕಾಯಿಲೆ, ಸ್ಟಿರಾಯ್ಡ್ ಅಥವಾ ಇಮ್ಯುನಿಟಿ ಕುಗ್ಗಿಸೋ ಔಷಧಿ, ಪೌಷ್ಟಿಕತೆ ಕಮ್ಮಿ ಆಗಿ ಆಲ್ಬುಮಿನ್ (ರಕ್ತದಲ್ಲಿರೋ ಒಂದು ಪ್ರೋಟೀನ್) ಇಳಿದಿರೋದು, ಪದೇ ಪದೇ ಪೆರಿಟೋನೈಟಿಸ್ ಆಗಿರೋದು, ಕರುಳಿಗೆ ತೂತು ಬೀಳೋ ಅಥವಾ ಊದಿಕೊಳ್ಳೋ ಕಾಯಿಲೆ. ಮಲಬದ್ಧತೆಯನ್ನೂ ಹಗುರವಾಗಿ ತಗೊಬೇಡಿ, ಕರುಳು ಸರಿಯಾಗಿ ಚಲಿಸದೆ ಇದ್ರೆ ಅಲ್ಲಿನ ರೋಗಾಣುಗಳು ಗೋಡೆ ದಾಟೋ ಸಾಧ್ಯತೆ ಜಾಸ್ತಿ, ರಕ್ತದಲ್ಲಿ ಪೊಟ್ಯಾಸಿಯಂ ತೀರಾ ಕಮ್ಮಿ ಆದ್ರೂ ಕರುಳು ಮಂದ ಆಗತ್ತೆ. ಕೊಲೊನೊಸ್ಕೋಪಿ ಅಥವಾ ಗರ್ಭಕೋಶದ ಒಳಗೆ ಮಾಡೋ ಪ್ರೊಸೀಜರ್ ಇದ್ರೆ ಮುಂಚೆನೇ ಪಿಡಿ ಟೀಮ್‌ಗೆ ಹೇಳಿ, ಹೊಟ್ಟೆಯ ದ್ರವ ಖಾಲಿ ಮಾಡ್ಕೊಂಡು ಹೋಗೋಕೆ ಹೇಳ್ತಾರೆ, ಮುಂಜಾಗ್ರತೆಗೆ ಆಂಟಿಬಯೋಟಿಕ್ಕೂ ಕೊಡ್ತಾರೆ.

ಈಗ ಕೈ ವಿಷಯ. ಪ್ಯಾರಾಪ್ಸಿಲೋಸಿಸ್ ಕೈ ಮೇಲೆ ಬದುಕತ್ತೆ ಅಂತ ಆಗ್ಲೇ ಹೇಳಿದೆ, ಅದಕ್ಕೇ ಎಕ್ಸ್‌ಚೇಂಜ್ (ಹಳೇ ದ್ರವ ಬಿಟ್ಟು ಹೊಸದು ಹಾಕ್ಕೊಳೋದು) ಮಾಡೋ ಮುಂಚೆ ಕೈ ತೊಳೆಯೋದು ಶಾಸ್ತ್ರಕ್ಕೆ ಅಲ್ಲ. ಉಂಗುರ, ಬಳೆ, ವಾಚ್ ತೆಗೆದಿಡಿ, ಉಗುರು ಸಣ್ಣಗೆ ಕತ್ತರಿಸಿರಿ, ಸೋಪು ಹಾಕಿ ಬೆರಳ ಸಂದಿ, ಹೆಬ್ಬೆರಳು, ಉಗುರಿನ ತುದಿ ಎಲ್ಲಾ ಉಜ್ಜಿ ತೊಳೀರಿ. ಆಮೇಲೆ ಶುಭ್ರವಾದ ಬಟ್ಟೆ ಅಥವಾ ಪೇಪರ್‌ನಿಂದ ಪೂರ್ತಿ ಒರೆಸಿ. ಎಷ್ಟೋ ಜನ ತೊಳೆಯೋದು ಚೆನ್ನಾಗಿ ತೊಳೀತಾರೆ, ಒರೆಸೋದು ಅರ್ಧಂಬರ್ಧ, ಒದ್ದೆ ಕೈಯಿಂದ ರೋಗಾಣು ಒಣ ಕೈಗಿಂತ ತುಂಬಾ ಸುಲಭವಾಗಿ ಇನ್ನೊಂದು ಕಡೆ ಅಂಟಿಕೊಳ್ಳತ್ತೆ. ಒಣಗಿದ ಮೇಲೆ ಆಲ್ಕೋಹಾಲ್ ಹ್ಯಾಂಡ್‌ರಬ್ ಹಾಕಿದ್ರೆ ಅದೂ ತಾನಾಗೇ ಒಣಗೋವರೆಗೆ ಕಾಯಿರಿ. ಮಾಸ್ಕ್ ಹಾಕಿ, ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ಎಸಿ ಆಫ್ ಮಾಡಿ, ಸಾಕು ಪ್ರಾಣಿ ರೂಮಿನ ಹೊರಗೆ ಇರ್ಲಿ. ಕನೆಕ್ಷನ್‌ನ ತುದಿ ಯಾವುದಕ್ಕೂ ತಾಗ್ಬಾರದು, ಬೆರಳಿಗೂ ಬಟ್ಟೆಗೂ ಮೇಜಿಗೂ.

ತಾಗಿಬಿಟ್ರೆ ಏನು ಮಾಡೋದು? ಮುಚ್ಚಿಡಬೇಡಿ, ಯಾರೂ ಬೈಯಲ್ಲ. ಕ್ಲಾಂಪ್ (ಟ್ಯೂಬ್ ಮುಚ್ಚೋ ಕ್ಲಿಪ್) ಹಾಕಿರೋವಾಗ, ದ್ರವ ಒಳಗೆ ಹೋಗೋ ಮುಂಚೆ ತಾಗಿದ್ರೆ ಟ್ರಾನ್ಸ್‌ಫರ್ ಸೆಟ್ ಬದಲಾಯಿಸಿದ್ರೆ ಸಾಮಾನ್ಯವಾಗಿ ಸಾಕಾಗತ್ತೆ. ತಾಗಿದ ಮೇಲೆ ದ್ರವ ಒಳಗೆ ಹೋಗಿಬಿಟ್ಟಿದ್ರೆ ಅಥವಾ ಕ್ಲಾಂಪ್ ತೆಗೆದಿದ್ದಾಗ ಆಗಿದ್ರೆ ಮುಂಜಾಗ್ರತೆಗೆ ಆಂಟಿಬಯೋಟಿಕ್ ಕೊಡ್ತಾರೆ, ಆಗಲೂ ಫಂಗಸ್ ತಡೆ ಔಷಧಿ ಬಗ್ಗೆ ಕೇಳೋದು ಮರೀಬೇಡಿ. ಎರಡೂ ಸಂದರ್ಭದಲ್ಲಿ ಮಾಡ್ಬೇಕಾದ ಮೊದಲ ಕೆಲಸ ಒಂದೇ, ಕ್ಲಾಂಪ್ ಮುಚ್ಚಿ ಸೆಂಟರ್‌ಗೆ ಫೋನ್ ಮಾಡೋದು.

ಬೂಷ್ಟು ಜಾತಿಯ ಫಂಗಸ್‌ಗೆ ಜಾಗದ ಕಡೆ ಗಮನ ಕೊಡ್ಬೇಕು. ಎಕ್ಸ್‌ಚೇಂಜ್ ಮಾಡೋ ರೂಮಲ್ಲಿ ನೀರು ಜಿನುಗಿ ಗೋಡೆ ಕಪ್ಪಾಗಿರ್ಬಾರದು, ಧೂಳು ಎಬ್ಬಿಸೋ ಕೆಲಸ ಅದೇ ಹೊತ್ತಲ್ಲಿ ನಡೀಬಾರದು, ಬ್ಯಾಗಿನ ಡಬ್ಬಗಳನ್ನ ತೇವದ ನೆಲದ ಮೇಲೆ ಇಡದೆ ಎತ್ತರದಲ್ಲಿ ಒಣಗಿರೋ ಕಡೆ ಇಡಿ. ಬ್ಯಾಗ್ ಬಿಸಿ ಮಾಡೋಕೆ ಬಿಸಿನೀರಲ್ಲಿ ಮುಳುಗಿಸೋ ಅಭ್ಯಾಸ ಇದ್ರೆ ದಯವಿಟ್ಟು ನಿಲ್ಲಿಸಿ, ನೀರಲ್ಲಿರೋ ರೋಗಾಣು ಬ್ಯಾಗಿನ ಪೋರ್ಟ್ (ಟ್ಯೂಬ್ ಜೋಡಿಸೋ ಬಾಯಿ) ಹತ್ರ ಸೇರ್ಕೊಂಡು ಕನೆಕ್ಟ್ ಮಾಡೋವಾಗ ಒಳಗೆ ಹೋಗ್ಬಹುದು, ಒಣ ಶಾಖ ಕೊಡೋ ವಾರ್ಮರೇ ಸರಿ. ಉಪಯೋಗಿಸೋ ಮುಂಚೆ ಬ್ಯಾಗ್ ಒತ್ತಿ ಲೀಕ್ ಇದೆಯಾ, ಡೇಟ್ ಮುಗಿದಿದೆಯಾ, ದ್ರವ ತಿಳಿಯಾಗಿದೆಯಾ ನೋಡಿ. ಟ್ರಾನ್ಸ್‌ಫರ್ ಸೆಟ್ ಹೆಚ್ಚಿನ ಕಡೆ 6 ತಿಂಗಳಿಗೊಮ್ಮೆ ಬದಲಾಯಿಸ್ತಾರೆ, ಆ ಡೇಟ್ ತಪ್ಪಿಸ್ಬೇಡಿ.

ಕ್ಯಾತಿಟರ್ ಹೊರಬರೋ ಜಾಗ, ಎಕ್ಸಿಟ್ ಸೈಟ್ ಅಂತಾರಲ್ಲ, ಅದನ್ನ ಹೇಳಿಕೊಟ್ಟ ಹಾಗೆ ಕ್ಲೀನ್ ಮಾಡಿ, ಒಣಗಿಸಿ, ಬರೆದುಕೊಟ್ಟ ಆಯಿಂಟ್‌ಮೆಂಟ್ ಹಚ್ಚಿ, ಟ್ಯೂಬ್ ಎಳೆಯದ ಹಾಗೆ ಅಂಟಿಸಿಡಿ. ಕೆಂಪಾಗೋದು, ಕೀವು ಬರೋದು ಕಂಡ್ರೆ ತೋರಿಸಿ.

ಇಷ್ಟೆಲ್ಲಾ ಮಾಡಿಯೂ ಬಂದುಬಿಟ್ರೆ ಗೊತ್ತಾಗೋದು ಹೇಗೆ? ಲಕ್ಷಣ ನೋಡಿ ಇದು ಫಂಗಸ್, ಇದು ಬ್ಯಾಕ್ಟೀರಿಯಾ ಅಂತ ಹೇಳೋಕೆ ಆಗಲ್ಲ. ಎರಡರಲ್ಲೂ ಹೊರಬರೋ ದ್ರವ ಮಬ್ಬಾಗತ್ತೆ, ಹೊಟ್ಟೆ ನೋಯತ್ತೆ, ಜ್ವರ, ವಾಂತಿ ಬರಬಹುದು, ಡ್ರೈನ್ ನಿಧಾನ ಆಗಬಹುದು. ಡ್ರೈನ್ ಬ್ಯಾಗನ್ನ ಅಚ್ಚಾದ ಕಾಗದದ ಮೇಲಿಟ್ಟು ನೋಡಿ, ಅಕ್ಷರ ಸ್ಪಷ್ಟವಾಗಿ ಓದೋಕೆ ಆಗದಿದ್ರೆ ದ್ರವ ಮಬ್ಬಾಗಿದೆ ಅಂತ ಅರ್ಥ. ಇದನ್ನ ಪ್ರತಿ ಎಕ್ಸ್‌ಚೇಂಜ್‌ನಲ್ಲೂ ನೋಡೋ ಅಭ್ಯಾಸ ಇರ್ಲಿ, ಮಷಿನ್ ಮೇಲೆ ಮಾಡ್ಕೊಳೋರು ಬೆಳಿಗ್ಗೆ ಎದ್ದ ತಕ್ಷಣ ಡ್ರೈನ್ ನೋಡಿ, ಸೀದಾ ಟಾಯ್ಲೆಟ್‌ಗೆ ಹೋಗೋ ಲೈನ್ ಇದ್ರೆ ನೋಡೋದೇ ತಪ್ಪಿಹೋಗತ್ತೆ. ಮಬ್ಬು ಕಂಡ್ರೆ ನಾಳೆ ನೋಡೋಣ ಅನ್ಬೇಡಿ, ಆ ಬ್ಯಾಗ್ ಬಿಸಾಕ್ಬೇಡಿ, ಅದನ್ನೇ ತಗೊಂಡು ಆಸ್ಪತ್ರೆಗೆ ಹೋಗಿ.

ಅಲ್ಲಿ ದ್ರವದಲ್ಲಿ ಬಿಳಿ ರಕ್ತಕಣ ಎಣಿಸ್ತಾರೆ. ದ್ರವ ಕನಿಷ್ಠ 2 ಗಂಟೆ ಹೊಟ್ಟೆಯಲ್ಲಿದ್ದು ಒಂದು ಮೈಕ್ರೊಲೀಟರ್‌ಗೆ 100ಕ್ಕಿಂತ ಜಾಸ್ತಿ ಬಿಳಿಕಣ, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ನ್ಯೂಟ್ರೊಫಿಲ್ ಅನ್ನೋ ಬಗೆಯವು ಇದ್ರೆ ಅದು ಪೆರಿಟೋನೈಟಿಸ್ ಕಡೆಗೆ ಬೆರಳು ಮಾಡತ್ತೆ. ಗ್ರಾಮ್ ಸ್ಟೇನ್ ಅಂತ ಬಣ್ಣ ಹಾಕಿ ಮೈಕ್ರೊಸ್ಕೋಪ್‌ನಲ್ಲಿ ನೋಡ್ತಾರೆ, ಬ್ಯಾಕ್ಟೀರಿಯಾ ಎಷ್ಟೋ ಸಲ ಅದರಲ್ಲಿ ಕಾಣಲ್ಲ, ಆದ್ರೆ ಈಸ್ಟ್ ಇದ್ರೆ ಬೇಗ ಸುಳಿವು ಸಿಗಬಹುದು, ಹಾಗಾಗಿ ಆ ಟೆಸ್ಟ್ ವ್ಯರ್ಥ ಅಂತ ಬಿಡೋ ಹಾಗಿಲ್ಲ. ಕಲ್ಚರ್‌ಗೂ (ರೋಗಾಣು ಬೆಳೆಸಿ ಯಾವುದು ಅಂತ ನೋಡೋ ಟೆಸ್ಟ್) ಹಾಕ್ತಾರೆ, ದ್ರವವನ್ನ ಬ್ಲಡ್ ಕಲ್ಚರ್ ಬಾಟಲ್‌ಗೆ ಹಾಕಿದ್ರೆ ರೋಗಾಣು ಸಿಗೋ ಸಾಧ್ಯತೆ ಹೆಚ್ಚು. ಕ್ಯಾಂಡಿಡಾ ಕೆಲವು ದಿನದಲ್ಲಿ ಬೆಳೆಯತ್ತೆ, ಬೂಷ್ಟು ಜಾತಿಯವು ಇನ್ನೂ ನಿಧಾನ. ರಿಪೋರ್ಟ್ ಬರೋವರೆಗೆ ಬ್ಯಾಕ್ಟೀರಿಯಾ ಅಂತಲೇ ಚಿಕಿತ್ಸೆ ಶುರು ಮಾಡ್ತಾರೆ, ಅದು ಸರಿಯಾದ ಕ್ರಮ, ಯಾಕಂದ್ರೆ ಬಹುಪಾಲು ಅದೇ ಇರೋದು.

ಫಂಗಸ್ ಅಂತ ಗೊತ್ತಾದ ಮೇಲೆ ಕ್ಯಾತಿಟರ್ ತಕ್ಷಣ ತೆಗೀಬೇಕು ಅಂತ ಗೈಡ್‌ಲೈನ್ ಹೇಳತ್ತೆ. ಇಲ್ಲೇ ಪೇಷಂಟ್‌ಗಳಿಗೂ ಮನೆಯವರಿಗೂ ಮನಸ್ಸು ಒಪ್ಪಲ್ಲ, ಮೊದಲು ಔಷಧಿ ಕೊಟ್ಟು ನೋಡಿ, ಆಮೇಲೆ ತೆಗೀರಿ ಅಂತಾರೆ, ಅದು ಅರ್ಥ ಆಗೋ ಸಂಕಟವೇ. ಆದ್ರೆ ಫಂಗಸ್ ದ್ರವದಲ್ಲಿ ತೇಲ್ತಾ ಮಾತ್ರ ಇರಲ್ಲ, ಕ್ಯಾತಿಟರ್ ಒಳಮೈಗೆ ಅಂಟಿ, ನೀರಿನ ಪೈಪಿನೊಳಗೆ ಪಾಚಿ ಕಟ್ಟಿದ ಹಾಗೆ ಬಯೋಫಿಲ್ಮ್ ಅನ್ನೋ ಪದರ ಕಟ್ಕೊಳ್ಳತ್ತೆ. ಆ ಪದರದೊಳಗಿರೋ ಫಂಗಸ್‌ನ ಔಷಧಿಯಿಂದ ಕೊಲ್ಲೋದು ತುಂಬಾ ಕಷ್ಟ, ಔಷಧಿ ಕೊಟ್ಟಾಗ ದ್ರವ ಸ್ವಲ್ಪ ತಿಳಿಯಾದ ಹಾಗೆ ಕಂಡ್ರೂ ಪದರದಿಂದ ಮತ್ತೆ ಮತ್ತೆ ಉದುರ್ತಾನೇ ಇರತ್ತೆ. ತಡ ಮಾಡಿದಷ್ಟೂ ಹೊಟ್ಟೆ ಒಳಗೆ ಕರುಳುಗಳು ಒಂದಕ್ಕೊಂದು ಅಂಟಿಕೊಳ್ಳೋದು, ಕೀವು ಗಟ್ಟಿಯಾಗಿ ನಿಲ್ಲೋದು, ಸಾವಿನ ಅಪಾಯ ಎಲ್ಲ ಜಾಸ್ತಿ. ಕ್ಯಾತಿಟರ್ ಬೇಗ ತೆಗೆದವರ ಪರಿಸ್ಥಿತಿ ತೆಗೆಯದೆ ಕಾದವರಿಗಿಂತ ಉತ್ತಮ ಅಂತ ಅಧ್ಯಯನಗಳಲ್ಲಿ ಕಂಡಿದೆ. ಡಾಕ್ಟರ್ ತೆಗೀಬೇಕು ಅಂದಾಗ ಒಪ್ಕೊಳ್ಳಿ, ಮುಂದೆ ಮತ್ತೆ ಪಿಡಿ ಮಾಡೋ ಅವಕಾಶ ಉಳಿಯೋದೂ ಬೇಗ ತೆಗೆಯೋದರಿಂದಲೇ.

ಔಷಧಿ ಯಾವುದು ಅನ್ನೋದು ಯಾವ ಫಂಗಸ್ ಅನ್ನೋದರ ಮೇಲೆ ಹೋಗತ್ತೆ. ಆಲ್ಬಿಕನ್ಸ್‌ಗೆ ಸಾಮಾನ್ಯವಾಗಿ ಫ್ಲುಕೊನಜೋಲ್ ನಡೆಯತ್ತೆ, ಕ್ಯಾಂಡಿಡಾ ಕ್ರೂಸಿ ಅನ್ನೋ ಜಾತಿಗೆ ಅದು ಕೆಲಸ ಮಾಡಲ್ಲ, ಗ್ಲಾಬ್ರೇಟಾಗೂ ಎಷ್ಟೋ ಸಲ ಸಾಲದು. ಅಂಥ ಕಡೆ ಕ್ಯಾಸ್ಪೊಫಂಜಿನ್, ಮೈಕಾಫಂಜಿನ್, ಅನಿಡುಲಾಫಂಜಿನ್ ಗುಂಪಿನ ಇಂಜೆಕ್ಷನ್ ಕೊಡ್ತಾರೆ, ಆಸ್ಪರ್ಜಿಲಸ್‌ಗೆ ವೊರಿಕೊನಜೋಲ್. ಹಳೇ ಔಷಧಿ ಆಂಫೊಟೆರಿಸಿನ್ ಬಿ ಬಲವಾದದ್ದೇ, ಆದ್ರೆ ರಕ್ತಕ್ಕೆ ಕೊಟ್ರೆ ಪೆರಿಟೋನಿಯಂಗೆ ಸರಿಯಾಗಿ ತಲುಪಲ್ಲ, ಹೊಟ್ಟೆಗೇ ಹಾಕಿದ್ರೆ ವಿಪರೀತ ನೋವು. ಕ್ಯಾತಿಟರ್ ತೆಗೆದ ಮೇಲೂ ಕನಿಷ್ಠ 2 ವಾರ ಔಷಧಿ ಮುಂದುವರಿಸ್ಬೇಕು, ಜ್ವರ ಬಿಡ್ತು ಅಂತ ನಿಲ್ಲಿಸೋ ಹಾಗಿಲ್ಲ.

ಈ ನಡುವೆ ಡಯಾಲಿಸಿಸ್ ನಿಲ್ಲಿಸೋಕೆ ಆಗಲ್ಲವಲ್ಲ, ಕುತ್ತಿಗೆಯ ರಕ್ತನಾಳಕ್ಕೆ ಕ್ಯಾತಿಟರ್ ಹಾಕಿ ಹಿಮೋಡಯಾಲಿಸಿಸ್ ಶುರು ಮಾಡ್ತಾರೆ. ಮತ್ತೆ ಪಿಡಿಗೆ ಬರೋಕೆ ಆಗತ್ತಾ ಅಂತ ಎಲ್ಲರೂ ಕೇಳ್ತಾರೆ. ಕೆಲವರಿಗೆ ಆಗತ್ತೆ. ಹಳೇ ಕ್ಯಾತಿಟರ್ ತೆಗೆದು ಕನಿಷ್ಠ 2 ವಾರ ಆಗಿರ್ಬೇಕು, ಹೊಟ್ಟೆಯ ಲಕ್ಷಣ ಪೂರ್ತಿ ಹೋಗಿರ್ಬೇಕು, ಫಂಗಸ್ ಆದವರಿಗೆ ಎಷ್ಟೋ ಡಾಕ್ಟರ್‌ಗಳು ಇನ್ನೂ ಹೆಚ್ಚು ಕಾಲ ಕಾಯ್ತಾರೆ, ಹೊಸದನ್ನ ಹಾಕೋವಾಗ ಲ್ಯಾಪರೊಸ್ಕೋಪ್‌ನಲ್ಲಿ ಒಳಗೆ ಕರುಳು ಅಂಟಿಕೊಂಡಿದೆಯಾ ಅಂತಲೂ ನೋಡ್ಬಹುದು. ತುಂಬಾ ಅಂಟಿಕೊಂಡಿದ್ರೆ ಅಥವಾ ಪೊರೆ ಸರಿಯಾಗಿ ಸೋಸದೆ ಹೋದ್ರೆ ಹಿಮೋಡಯಾಲಿಸಿಸ್‌ನಲ್ಲೇ ಮುಂದುವರಿಯೋದು ಸುರಕ್ಷಿತ. ಮತ್ತೆ ಪಿಡಿ ಶುರು ಮಾಡೋರಿಗೆ ಕೈ ತೊಳೆಯೋದರಿಂದ ಹಿಡಿದು ಕನೆಕ್ಷನ್‌ವರೆಗೆ ಟ್ರೇನಿಂಗ್ ಮೊದಲಿಂದ ಮಾಡಿಸ್ಬೇಕು, ವರ್ಷಗಟ್ಟಲೆ ಮಾಡಿ ಅಭ್ಯಾಸ ಇರೋರಿಗೂ ಕೂಡ. ಹೊಸ ಕ್ಯಾತಿಟರ್ ಹಾಕಿದ ದಿನವೇ, ಮುಂದೆ ಯಾವುದಾದ್ರೂ ಆಂಟಿಬಯೋಟಿಕ್ ಕೊಟ್ರೆ ನನಗೆ ಯಾವ ಫಂಗಸ್ ತಡೆ ಔಷಧಿ ಅಂತ ಡಾಕ್ಟರ್ ಹತ್ರ ಫೈಲ್‌ನಲ್ಲೇ ಬರೆಸಿಟ್ಕೊಳ್ಳಿ.